ದರ್ಬೆಯ ರಸ್ತೆ, ಲಲಿತಮಹಲಿನ ಹಾಸಿಗೆ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳ ಪ್ರವಾಸದ ಗದ್ದಲ. ನಸುಕಿನಲ್ಲಿ ದರ್ಬೆಯಲ್ಲಿ ಬಸ್ಸು ಹತ್ತಿದರೆ ಸುಳ್ಯ, ಸಂಪಾಜೆ, ಮಡಿಕೇರಿ ದಾಟಿ ಮೈಸೂರು. ಅರಮನೆ ನೋಡಿ, ಹುಲಿ ಸಿಂಹ ನೋಡಿ, ಚಾಮುಂಡಿ ಬೆಟ್ಟ ಹತ್ತಿ ಇಳಿಯುವಾಗ ಮಾಸ್ತರರು ಕೈ ತೋರಿಸಿ ಹೇಳುತ್ತಾರೆ: "ಅಗೋ, ಆ ಬಿಳೀ ಕಟ್ಟಡ ಕಾಣ್ತದಲ್ಲ, ಅದು ಲಲಿತಮಹಲ್. ವೈಸರಾಯ್ ಬಂದರೆ ಉಳಿಯಲಿಕ್ಕೆ ಅಂತ ಮಹಾರಾಜರು ಕಟ್ಟಿಸಿದ್ದು. ಆಮೇಲೆ ದೊಡ್ಡ ಹೋಟೆಲಾಯ್ತು." ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಹಿಂದಿನ ಸೀಟಿನ ಯಾವುದೋ ಹುಡುಗ ಕೇಳಿಯೇ ಕೇಳುತ್ತಾನೆ: "ಅಲ್ಲಿ ಒಂದು ರಾತ್ರಿ ಮಲಗ್ಲಿಕ್ಕೆ ಎಷ್ಟು ದುಡ್ಡು ಸರ್?" ಮಾಸ್ತರರು ನಗುತ್ತಾರೆ. ಬಸ್ಸು ಹೊರಡುತ್ತದೆ.

ಆ ಹುಡುಗ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ ಗೆಳೆಯರೆ. ಯಾವ ರಾಜ ಯಾವ ರಾಜನನ್ನು ಸೋಲಿಸಿದ, ಯಾವ ಇಸವಿಯಲ್ಲಿ ಪಟ್ಟಕ್ಕೆ ಬಂದ ಎಂಬುದೆಲ್ಲ ಪಠ್ಯಪುಸ್ತಕದಲ್ಲಿ ಉಂಟು. ದಾರಿಯಲ್ಲಿ ಕತ್ತಲಾದಾಗ ಯಾರಿಗೆ ಬಾಗಿಲು ತೆರೆಯಿತು, ಯಾರಿಗೆ ತೆರೆಯಲಿಲ್ಲ ಎಂಬುದು ಮಾತ್ರ ಇಲ್ಲ. ಹಗಲಿನ ಚರಿತ್ರೆಯನ್ನು ಬರೆದವರು ರಾತ್ರಿಯ ಚರಿತ್ರೆಯನ್ನು ಬರೆಯಲಿಲ್ಲ. ಯಾಕೆಂದರೆ ಬರೆದವರಿಗೆ ರಾತ್ರಿ ಎಲ್ಲಿ ಮಲಗಬೇಕು ಎಂಬ ಚಿಂತೆ ಇರಲಿಲ್ಲ. ಆ ಚಿಂತೆ ಇದ್ದವರು ನಮ್ಮ ಅಜ್ಜ ಅಜ್ಜಿಯರು. ಇಪ್ಪತ್ತನೆಯ ಶತಮಾನದ ಮೊದಲ ನಲವತ್ತು ವರ್ಷಗಳಲ್ಲಿ, ಈ ದೇಶದಲ್ಲಿ ದೊಡ್ಡ ದೊಡ್ಡ ಹೋಟೆಲುಗಳು ತಲೆ ಎತ್ತುತ್ತಿದ್ದ ಅದೇ ಹೊತ್ತಿನಲ್ಲಿ, ಅವರು ಎಲ್ಲಿ ಮಲಗಿದರು?

ಮೊದಲು ದರ್ಬೆಯ ಈ ರಸ್ತೆಯನ್ನೇ ನೋಡೋಣ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು. 1956ರ ನವೆಂಬರ್ 1ರ ತನಕವೂ ಹಾಗೆಯೇ ಇತ್ತು. ತಾಲ್ಲೂಕಿನ ಹೆಸರು ಉಪ್ಪಿನಂಗಡಿ, ಕಚೇರಿಗಳಿದ್ದದ್ದು ಪುತ್ತೂರಿನಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ರೈಲು ಅಲ್ಲಿಗೇ ನಿಂತಿತು. ಅಲ್ಲಿಂದ ಘಟ್ಟ ಹತ್ತುವವರು ಎತ್ತಿನ ಗಾಡಿಯಲ್ಲಿ, ಕುದುರೆಯ ಮೇಲೆ, ಆಮೇಲೆ ಆಮೇಲೆ ಮೋಟಾರಿನಲ್ಲಿ ಪುತ್ತೂರು ಸುಳ್ಯದ ಮೇಲಿಂದ ಕೊಡಗಿಗೆ ಹೋಗಬೇಕು. ಕಾಫಿ ತೋಟದ ದೊರೆಗಳು, ಕಲೆಕ್ಟರರು, ಪೊಲೀಸ್ ಸಾಹೇಬರು, ಪಾದ್ರಿಗಳು ಎಲ್ಲರಿಗೂ ಇಂಥದೇ ರಸ್ತೆಗಳು. ಒಂದು ದಿನದ ಪ್ರಯಾಣಕ್ಕೆ ಒಂದರಂತೆ ಸರಕಾರ ಅವರಿಗಾಗಿ ಬಂಗ್ಲೆ ಕಟ್ಟಿಸಿತ್ತು. ಟ್ರಾವೆಲರ್ಸ್ ಬಂಗ್ಲೆ, ಇನ್‌ಸ್ಪೆಕ್ಷನ್ ಬಂಗ್ಲೆ. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಜನ ಇವತ್ತಿಗೂ 'ಐಬಿ' ಅನ್ನುವುದು ಇದನ್ನೇ. ಮುಂದೆ ಬಂದ ಸಾಹೇಬರ ದೊಡ್ಡ ಹೋಟೆಲಿಗೆ ಇದೇ ಅಣ್ಣ.

ಹಳೆಯ ಐಬಿಯೊಂದನ್ನು ಯಾವತ್ತಾದರೂ ಸುತ್ತ ತಿರುಗಿ ನೋಡಿ. ಮುಂದೆ ಅಗಲವಾದ ಜಗಲಿ, ಅಲ್ಲಿ ಕಾಲು ಚಾಚಿ ಕೂರುವ ಕುರ್ಚಿ. ಒಳಗೆ ಎತ್ತರದ ಮಾಡಿನ ಕೋಣೆ. ಕೋಣೆಗೆ ಹೊಂದಿಕೊಂಡು ಬಚ್ಚಲು. ಆ ಬಚ್ಚಲಿಗೆ ಎರಡು ಬಾಗಿಲು. ಒಂದು ಕೋಣೆಯ ಕಡೆಗೆ, ಇನ್ನೊಂದು ಹಿತ್ತಲಿನ ಕಡೆಗೆ. ಈ ಎರಡನೆಯ ಬಾಗಿಲು ಯಾಕೆ? ಆಗ ನೀರು ಹಾಯಿಸುವ ಕಕ್ಕಸು ಇರಲಿಲ್ಲ. ಮರದ ಪೆಟ್ಟಿಗೆಯೊಳಗೆ ಒಂದು ಪಾತ್ರೆ. ಸಾಹೇಬ ಎದ್ದು ಹೋದ ಮೇಲೆ ಅದನ್ನು ಎತ್ತಿ ಹೊರಗೆ ಹಾಕಬೇಕು, ತೊಳೆಯಬೇಕು. ಎತ್ತುವವನು ಸಾಹೇಬನ ಕಣ್ಣಿಗೆ ಬೀಳಬಾರದು, ಕೋಣೆಯ ಮೂಲಕ ಬರಬಾರದು. ಅವನಿಗಾಗಿ ಆ ಹಿಂಬಾಗಿಲು. ಅವನು ಯಾವ ಜಾತಿ ಅಂತ ಬಿಡಿಸಿ ಹೇಳಬೇಕೆ? ಮಂಗಳೂರು ಪೇಟೆಯಲ್ಲಿ ಈ ಕೆಲಸಕ್ಕೆ ಹಚ್ಚಿದ್ದು ಹೆಚ್ಚಾಗಿ ಕೊರಗರನ್ನು. ಬಯಲುಸೀಮೆಯ ಪಟ್ಟಣಗಳಲ್ಲಿ ಬೇರೆ ಹೆಸರಿನ ನಮ್ಮದೇ ಜನ. ಬಂಗ್ಲೆಯ ನಕ್ಷೆ ಬರೆದ ಇಂಜಿನಿಯರ ಅಸ್ಪೃಶ್ಯತೆಯನ್ನು ಗೋಡೆಯೊಳಗೇ ಕಟ್ಟಿಬಿಟ್ಟಿದ್ದ. ಮನುಸ್ಮೃತಿ ಓದದ ಬಿಳಿಯನಿಗೂ ಮನುವಿನ ಮನೆ ಅನುಕೂಲವಾಗಿಯೇ ಇತ್ತು.

ಈಗ ಇದೇ ಘಟ್ಟದ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಹೋದವರನ್ನು ನೋಡೋಣ. ಉಪ್ಪಿನಂಗಡಿ ತಾಲ್ಲೂಕಿನ ಕೇರಿಗಳಿಂದ ಮೇರರು, ಮುಂಡಾಲರು, ಮುಗೇರರು, ಬಾಕುಡರು ಕೂಲಿಗಾಗಿ ಘಟ್ಟ ಹತ್ತುತ್ತಿದ್ದರು. ಧನಿಯ ಗದ್ದೆಯಲ್ಲಿ ಮೂಲದಾಳು. ತಲೆ ಮೇಲೆ ಸಾಲ. ತೋಟದ ಸಾಹುಕಾರನ ಕಡೆಯವನು ಮುಂಗಡ ಹಣ ಕೊಟ್ಟ, ಹೊರಟರು. ಪುತ್ತೂರಿನಲ್ಲೇ ನೆಲೆಸಿದ್ದ ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳು ಸಾಲ ತೀರಿಸಲು ಹೋಗುವುದು ಇಂಥದೇ ಕಾಫಿ ತೋಟಕ್ಕೆ. ಗಂಡಸರ ತಲೆಯ ಮೇಲೆ ಗಂಟು, ಹೆಂಗಸರ ಸೊಂಟದಲ್ಲಿ ಕೂಸು. ಒಂದೇ ದಿನದಲ್ಲಿ ಮುಗಿಯುವ ದಾರಿಯಲ್ಲ. ನಡುವೆ ರಾತ್ರಿ ಆಗುತ್ತದೆ. ಎಲ್ಲಿ ಮಲಗುವುದು?

ಬಂಗ್ಲೆ ಸಾಹೇಬನದು. ಛತ್ರ ಇದ್ದಲ್ಲಿ ಒಳಗಿನ ಪಂಕ್ತಿ ಬ್ರಾಹ್ಮಣನದು, ಹೊರಗಿನ ಜಗಲಿ ಶೂದ್ರನದು. ದೇವಸ್ಥಾನದ ಅಂಗಳ ಮುಟ್ಟುವ ಹಾಗಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಎಲ್ಲರಿಗೂ ಆ ಹಕ್ಕು ಕೊಡುವ ಕಾಯಿದೆ ಬರಲಿಕ್ಕೆ 1947 ಆಗಬೇಕಾಯಿತು. ದಾರಿ ಬದಿಯ ಮನೆಯ ಅಂಗಳಕ್ಕೆ ಕಾಲಿಡುವ ಮೊದಲು "ಒಡೆಯಾ" ಅಂತ ದೂರದಿಂದ ಕೂಗಬೇಕು, ಕೂಗಿದರೂ ಒಳಗೆ ಕರೆಯುವವರಿಲ್ಲ. ಉಳಿದದ್ದು ಏನು? ಮರದ ಬುಡ, ಹೊಳೆಯ ದಡ, ಎಲ್ಲಾದರೂ ನಮ್ಮವರದೇ ಕೇರಿ ಸಿಕ್ಕಿದರೆ ಅಲ್ಲಿಯ ಗುಡಿಸಲು. ಕತ್ತಲಾಗುವ ಮೊದಲು ಕೇರಿ ಸಿಗುವ ಹಾಗೆ ನಡಿಗೆಯ ಲೆಕ್ಕ ಹಾಕಬೇಕಿತ್ತು. ಸಾಹೇಬನ ಪ್ರಯಾಣಕ್ಕೆ ಬಂಗ್ಲೆಯಿಂದ ಬಂಗ್ಲೆಗೆ ಲೆಕ್ಕ. ನಮ್ಮವರಿಗೆ ಕೇರಿಯಿಂದ ಕೇರಿಗೆ ಲೆಕ್ಕ.

ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ಕಾಲದ ದೊಡ್ಡ ಹೋಟೆಲುಗಳ ಒಳಗೆ ಹೋಗಿ ಬರೋಣ. ಮುಂಬಯಿಯಲ್ಲಿ ಜಮ್ಷೆಟ್‌ಜಿ ಟಾಟಾ ಅವರ ತಾಜ್ ಮಹಲ್ ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರಿನಲ್ಲಿ. ವಿದ್ಯುತ್ ದೀಪ, ವಿದ್ಯುತ್ ಪಂಖ, ಮೇಲೆ ಕೆಳಗೆ ಹೋಗುವ ಲಿಫ್ಟು, ಟರ್ಕಿ ದೇಶದ ರೀತಿಯ ಹಬೆಸ್ನಾನ. ಪಂಖ, ಸ್ನಾನದ ಕೋಣೆ ಸಮೇತ ಒಬ್ಬರ ಕೋಣೆಗೆ ದಿನಕ್ಕೆ 13 ರೂಪಾಯಿ ಎಂದು ಹೇಳುತ್ತಾರೆ. ಕೊಡಗಿನ ತೋಟದಲ್ಲಿ ಒಬ್ಬ ಕೂಲಿಗೆ ದಿನಕ್ಕೆ ನಾಲ್ಕಾಣೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಒಂದು ರಾತ್ರಿಯ ಆ ಹಾಸಿಗೆಗೆ ಅವನ 52 ದಿನದ ಬೆವರು. ಬೆಂಗಳೂರು ದಂಡುಪ್ರದೇಶದ ವೆಸ್ಟ್ ಎಂಡ್ ಹೋಟೆಲು 1887ರಲ್ಲಿ ಬ್ರಾನ್ಸನ್ ಎಂಬ ದೊರೆಸಾನಿಯ ಬೋರ್ಡಿಂಗ್ ಮನೆಯಾಗಿ ಶುರುವಾಗಿ, 1912ರಲ್ಲಿ ಸ್ಪೆನ್ಸರ್ ಕಂಪನಿಯ ಕೈಗೆ ಹೋಯಿತು. ಮೈಸೂರಿನ ಮೆಟ್ರೊಪೋಲ್, ಮಹಾರಾಜರು ತಮ್ಮ ಬಿಳಿಯ ಅತಿಥಿಗಳಿಗಾಗಿ 1920ರ ಸುಮಾರಿಗೆ ಕಟ್ಟಿಸಿದ್ದು. ಅದರ ಬೆನ್ನಿಗೇ 1921ರಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಲಲಿತಮಹಲಿಗೆ ತಳಪಾಯ ಬಿತ್ತು. ನಕ್ಷೆ ಬರೆದವನು ಮುಂಬಯಿಯ ಫ್ರಿಚ್ಲಿ. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಗೋಪುರದ ಮಾದರಿ.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಅಷ್ಟು ದೊಡ್ಡ ಅರಮನೆ ಊರಿನ ನಡುವೆ ಇರುವಾಗ ವೈಸರಾಯನಿಗೆ ಊರ ಹೊರಗೆ ಇನ್ನೊಂದು ಅರಮನೆ ಯಾಕೆ?

ನಾಲ್ವಡಿ ಕೃಷ್ಣರಾಜ ಒಡೆಯರು ಸಂಪ್ರದಾಯದವರು. ಬಿಳಿಯರ ಜೊತೆ ಕೂತು ಉಣ್ಣುತ್ತಿರಲಿಲ್ಲ. ಔತಣ ಮಹಾರಾಜರದೇ, ಖರ್ಚೂ ಅವರದೇ. ಅತಿಥಿಗಳು ಉಂಡು ಮುಗಿಸಿದ ಮೇಲೆ ಅವರು ಬಂದು ಕೂರುತ್ತಿದ್ದರು. ದಸರೆಯಲ್ಲಿಯೂ ಐರೋಪ್ಯರಿಗೆಂದೇ ಬೇರೆ ದರ್ಬಾರು. ದನದ ಮಾಂಸ ತಿನ್ನುವವನು, ಮದ್ಯ ಕುಡಿಯುವವನು, ಜಾತಿಯ ಲೆಕ್ಕದಲ್ಲಿ ಮ್ಲೇಚ್ಛ. ಅಂದರೆ ಏನಾಯಿತು? ಭೂಮಿಯ ಕಾಲು ಭಾಗ ಆಳುವ ಚಕ್ರವರ್ತಿಯ ಪ್ರತಿನಿಧಿಯೂ ಶಾಸ್ತ್ರದ ಲೆಕ್ಕದಲ್ಲಿ ಪಂಕ್ತಿಗೆ ಸಲ್ಲದವನೇ. ನಮ್ಮ ಅಜ್ಜನೂ ದನದ ಮಾಂಸ ತಿಂದವನೇ, ಪಂಕ್ತಿಗೆ ಸಲ್ಲದವನೇ. ಇಬ್ಬರನ್ನೂ ಊರ ಹೊರಗೆ ಇಟ್ಟರು. ಒಬ್ಬನಿಗೆ ಊರ ಹೊರಗೆ ಲಲಿತಮಹಲ್ ಕಟ್ಟಿಸಿದರು. ಇನ್ನೊಬ್ಬನಿಗೆ ಊರ ಹೊರಗೆ ಹುಲ್ಲಿನ ಮಾಡು.

ಮೈಲಿಗೆ ಮೈಲಿಗೆ ಅಂತ ನಮಗೆ ಸಾವಿರ ವರ್ಷ ಹೇಳಿದರಲ್ಲ, ಆ ಮೈಲಿಗೆಯ ಗುಟ್ಟು ಇಷ್ಟೇ. ಕೈಯಲ್ಲಿ ತುಪಾಕಿ ಇದ್ದವನ ಮೈಲಿಗೆಗೆ ಅಮೃತಶಿಲೆಯ ಮೆಟ್ಟಿಲು. ಕೈಯಲ್ಲಿ ಹಾರೆ ಇದ್ದವನ ಮೈಲಿಗೆಗೆ ಬೆತ್ತದ ಏಟು. ತಿನ್ನುವ ಮಾಂಸದಿಂದ ಮೈಲಿಗೆ ಅಳೆದರು ಎಂದು ನಂಬಿಕೊಂಡು ಮಾಂಸ ಬಿಟ್ಟರೆ, ಮಿಂದರೆ, ತುಳಸಿಕಟ್ಟೆ ಕಟ್ಟಿದರೆ ಸರಿಹೋಗುತ್ತದೆ ಎಂದು ನಮ್ಮಲ್ಲಿ ಕೆಲವರು ಇನ್ನೂ ತಿಳಿದಿದ್ದಾರೆ. ಅವರು ಲಲಿತಮಹಲನ್ನು ಒಮ್ಮೆ ಸರಿಯಾಗಿ ನೋಡಬೇಕು.

ಒಂದು ಮಾತನ್ನು ಮುಚ್ಚಿಡಬಾರದು. ಇದೇ ಮಹಾರಾಜರ ಸರಕಾರ 1915ರಲ್ಲಿ ಸರಕಾರಿ ಶಾಲೆಗಳ ಬಾಗಿಲನ್ನು ಪಂಚಮರ ಮಕ್ಕಳಿಗೆ ತೆರೆಯಲು ಹೊರಟಿತು. ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರೂ ಹಿಂದೆಗೆಯಲಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡಲು ಹೊರಟದ್ದೂ ಅದೇ ಸರಕಾರ. ಅದು ದೊಡ್ಡ ಕೆಲಸ, ಅದರ ಋಣ ಉಂಟು. ಆದರೆ ಶಾಲೆಯ ಬಾಗಿಲು ತೆರೆದ ಕೈಗೂ ಊಟದ ಮನೆಯ ಬಾಗಿಲು ತೆರೆಯುವುದು ಸುಲಭವಾಗಿರಲಿಲ್ಲ. ಓದಿಸಬಹುದು, ಒಟ್ಟಿಗೆ ಉಣ್ಣಲಾಗದು. ಜಾತಿಯ ಗಟ್ಟಿ ಬೇರು ಇರುವುದು ಎಲೆಯ ಹತ್ತಿರ, ಹಾಸಿಗೆಯ ಹತ್ತಿರ.

ಸಾಹೇಬರ ಹೋಟೆಲಿನ ಅಡಿಗೆಮನೆಗೆ ಬರೋಣ. ಅಲ್ಲಿ ದನದ ಮಾಂಸ ಬೇಯಿಸುವವರು ಯಾರು? ಬಾಟಲಿ ತೆಗೆದು ಬಡಿಸುವವರು ಯಾರು? ಎಂಜಲು ತಟ್ಟೆ ಎತ್ತುವವರು, ಮೇಮ್‌ಸಾಹೇಬರ ಮಗುವನ್ನು ಎತ್ತಿ ಆಡಿಸುವ ಆಯಾ, ಕಕ್ಕಸು ತೊಳೆಯುವವರು ಯಾರು? ಜಾತಿಯ ಹಿಂದೂ ಈ ಕೆಲಸಕ್ಕೆ ಬರುವುದಿಲ್ಲ. ಮದ್ರಾಸ್, ಬೆಂಗಳೂರು ದಂಡುಗಳಲ್ಲಿ ಬಟ್ಲರ್ ಆದವರು, ಅಡಿಗೆ ಮಾಡಿದವರು ಬಹುಪಾಲು ತಮಿಳು ಕೇರಿಗಳಿಂದ ಬಂದ ಆದಿದ್ರಾವಿಡರು, ಅವರಲ್ಲೇ ಕ್ರಿಸ್ತನನ್ನು ನಂಬಿದವರು, ಜೊತೆಗೆ ಮುಸಲ್ಮಾನರು. ಅಕ್ಷರ ಕಲಿಸದೆ ಇಟ್ಟ ಜನ ಸಾಹೇಬನ ಭಾಷೆಯನ್ನು ಕಿವಿಯಿಂದಲೇ ಕಲಿತರು. ಅದಕ್ಕೆ 'ಬಟ್ಲರ್ ಇಂಗ್ಲಿಷ್' ಎಂದು ಹೆಸರಿಟ್ಟು ನಕ್ಕರು. ಯಾರು ನಕ್ಕರು? ಕಾಲೇಜಿನಲ್ಲಿ ಕಲಿತು ಅದೇ ಸಾಹೇಬನಿಗೆ ಗುಮಾಸ್ತರಾದವರು. ನಗಲಿ. ಆ ಅಡಿಗೆಮನೆಯ ಹೊಗೆಯಿಂದ ಎದ್ದು ಬಂದ ಮನೆತನಗಳು ಉಂಟು. ತಮಿಳುನಾಡಿನಲ್ಲಿ ನಮ್ಮ ಜನರಿಗೆ ಬುದ್ಧನ ದಾರಿ ತೋರಿಸಿದ ಪಂಡಿತ ಅಯೋತಿ ದಾಸರ ಅಜ್ಜ ಕಂದಪ್ಪನ್ ಒಬ್ಬ ಇಂಗ್ಲಿಷ್ ಅಧಿಕಾರಿಯ ಬಟ್ಲರ್. ಅಯೋತಿ ದಾಸರ ಬೌದ್ಧ ಸಂಘದ ಶಾಖೆ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿಯೂ ಬೆಳೆಯಿತು.

ಹೀಗಾಗಿ ಸಾಹೇಬನ ಹೋಟೆಲಿಗೂ ನಮಗೂ ಒಂದು ವಿಚಿತ್ರ ಸಂಬಂಧ. ಇಡೀ ಹೋಟೆಲು ನಿಂತಿದ್ದು ನಮ್ಮ ಕೈಯ ಮೇಲೆ. ಸಾಹೇಬ ತಿಂದ ಅನ್ನ ನಾವು ಬೇಯಿಸಿದ್ದು, ಮಲಗಿದ ಹಾಸಿಗೆ ನಾವು ಹಾಸಿದ್ದು, ಅವನ ಮಲ ನಾವು ಎತ್ತಿದ್ದು. ಕೆಲಸ ಮುಗಿದ ಮೇಲೆ ಹಿಂಬಾಗಿಲಿನಿಂದ ಹೊರಟು ಹಿತ್ತಲಿನ ಸಾಲುಕೋಣೆಯಲ್ಲಿ ಮಲಗಬೇಕು. ದುಡಿಯಲು ಪ್ರವೇಶ ಉಂಟು, ತಂಗಲು ಇಲ್ಲ.

ಇದು ಬಿಳಿಯರ ಹೋಟೆಲಿನ ಮಾತಾಯಿತು. ಅಷ್ಟು ಹೊತ್ತಿಗೆ ನಮ್ಮವರ ಹೋಟೆಲುಗಳೂ ಬಂದವು. ಅದಕ್ಕೆ ಹೆಸರಾದದ್ದು ನಮ್ಮದೇ ಜಿಲ್ಲೆ. ಉಡುಪಿಯ ಕಡೆಯ ಬ್ರಾಹ್ಮಣರು ಮಠದ ಅಡಿಗೆಯ ಕೈಗುಣ ಹಿಡಿದುಕೊಂಡು ಮದ್ರಾಸಿಗೆ, ಬೆಂಗಳೂರಿಗೆ, ಮುಂಬಯಿಗೆ ಹೋದರು. ಇಡ್ಲಿ, ದೋಸೆ, ಕಾಫಿ. ಬಡವರೇ ಹೋದದ್ದು, ಕಷ್ಟ ಪಟ್ಟೇ ಮೇಲೆ ಬಂದದ್ದು, ಸುಳ್ಳಲ್ಲ. ಆದರೆ ಹೋಟೆಲಿನ ಹೆಸರು ನೋಡಿ. ಮಾವಳ್ಳಿ ಟಿಫಿನ್ ರೂಮ್ ಎಂದು ಮುಂದೆ ಹೆಸರಾದ ಬೆಂಗಳೂರಿನ ಹೋಟೆಲು 1924ರಲ್ಲಿ ಶುರುವಾದದ್ದು 'ಬ್ರಾಹ್ಮಣ ಕಾಫಿ ಕ್ಲಬ್' ಎಂಬ ಹೆಸರಿನಲ್ಲಿ. ಅದೊಂದೇ ಅಲ್ಲ, ಆ ಕಾಲಕ್ಕೆ ಊರೂರಲ್ಲಿ ಇಂಥ ಹಲಗೆ. ಬ್ರಾಹ್ಮಣರು ಬೇಯಿಸಿದ್ದು ಎಂದರೆ ಎಲ್ಲ ಜಾತಿಯವರೂ ತಿನ್ನಬಹುದು, ವ್ಯಾಪಾರಕ್ಕೆ ಒಳ್ಳೆಯದು. ಒಳಗೆ ಮಾತ್ರ ಬ್ರಾಹ್ಮಣರಿಗೆ ಬೇರೆ ಜಾಗ, ಇತರರಿಗೆ ಬೇರೆ. ದಕ್ಷಿಣದ ರೈಲ್ವೆ ಸ್ಟೇಷನ್ನುಗಳ ಊಟದ ಮನೆಗಳಲ್ಲಿ ಸಹ ಬ್ರಾಹ್ಮಣರಿಗೊಂದು, ಅಲ್ಲದವರಿಗೊಂದು ಎಂದು ಕೋಣೆಗಳಿದ್ದವು. ಪೆರಿಯಾರರ ಚಳವಳಿಯ ಒತ್ತಾಯಕ್ಕೆ 1941ರಲ್ಲಿ ಆ ಭೇದ ಹೋಯಿತು. ಅದು ಒಳಗೆ ಎಲ್ಲಿ ಕೂರಬೇಕು ಎಂಬ ಜಗಳ. ನಮ್ಮವರಿಗೆ ಒಳಗೇ ಜಾಗವಿಲ್ಲ. ಚಾ ಬೇಕಾದರೆ ಹೊರಗೆ ನಿಂತು ಕೇಳಬೇಕು. ನಮ್ಮ ಕಡೆ ಗೆರಟೆಯಲ್ಲಿ ಎತ್ತರದಿಂದ ಹೊಯ್ಯುತ್ತಿದ್ದರು. ಕುಡಿದು ಗೆರಟೆಯನ್ನು ಬಿಸಾಡಬೇಕು.

ಬಿಳಿಯನ ಹೋಟೆಲಿಗೆ ಹಿಂಬಾಗಿಲಾದರೂ ಇತ್ತು. ಇವರ ಹೋಟೆಲಿಗೆ ಅದೂ ಇರಲಿಲ್ಲ. ಪಾತ್ರೆ ತೊಳೆಯುವ ಕೆಲಸಕ್ಕೂ ನಮ್ಮ ಹುಡುಗರು ಬೇಡ. ಘಟ್ಟದ ಕೆಳಗಿನ ಎಷ್ಟೋ ಮೇಲ್ಜಾತಿಯ ಬಡ ಹುಡುಗರು ಮನೆ ಬಿಟ್ಟು ಓಡಿಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ, ಕೊನೆಗೆ ಯಜಮಾನರೇ ಆದರು. ಮಾಣಿಯಾಗುವ ದಾರಿಯೇ ನಮ್ಮ ಹುಡುಗರಿಗೆ ಮುಚ್ಚಿತ್ತು. ಉಡುಪಿ ಹೋಟೆಲಿನ ಸಾಹಸದ ಕತೆಗಳಲ್ಲಿ ಈ ಒಂದು ಪುಟ ಖಾಲಿ ಬಿಟ್ಟಿರುತ್ತಾರೆ.

ದುಡ್ಡಿಲ್ಲದ್ದಕ್ಕೆ ಹಾಗಾಯಿತು, ಓದು ಇಲ್ಲದ್ದಕ್ಕೆ ಹಾಗಾಯಿತು ಎನ್ನುವವರು ಇದ್ದಾರೆ. ಅವರಿಗೆ 1917ರ ಬರೋಡಾದ ಕತೆ ಹೇಳಬೇಕು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕತೆಯೇ. ಹೋಟೆಲಿನ ಚರಿತ್ರೆಯಾಗಿ ಅದನ್ನು ಇನ್ನೊಮ್ಮೆ ಓದೋಣ.

ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ, ಲಂಡನ್ನಿನಲ್ಲಿ ಒಂದು ವರ್ಷ ಓದಿ ಬಂದರು. ಆ ನಾಲ್ಕು ವರ್ಷ ಅವರ ಜಾತಿ ಕೇಳದೆ ಹಾಸಿಗೆ ಸಿಕ್ಕಿತ್ತು. ಓದಲು ಹಣ ಕೊಟ್ಟಿದ್ದ ಬರೋಡಾ ಸಂಸ್ಥಾನದಲ್ಲಿ ದುಡಿಯಬೇಕೆಂಬ ಕರಾರು. ರೈಲು ಇಳಿದರು. ಎಲ್ಲಿ ಉಳಿಯುವುದು? ಹಿಂದೂ ಹೋಟೆಲಿಗೆ ಸೇರಿಸುವುದಿಲ್ಲ ಎಂದು ಗೊತ್ತು. ಪಾರ್ಸಿಗಳ ವಸತಿಗೃಹವೊಂದು ಇತ್ತು. ಅದು ಪಾರ್ಸಿಗಳಿಗೆ ಮಾತ್ರ. ಬೇರೆ ಅತಿಥಿಗಳೇ ಇಲ್ಲದೆ ಕಾಸು ಹುಟ್ಟದಿದ್ದ ಅಲ್ಲಿಯ ಮೇಲ್ವಿಚಾರಕ, ಪಾರ್ಸಿ ಹೆಸರು ಬರೆಸಿದರೆ ಇರಬಹುದು ಎಂದ. ಊಟ ವಸತಿಗೆ ದಿನಕ್ಕ ಒಂದೂವರೆ ರೂಪಾಯಿ. ಸುಳ್ಳು ಹೆಸರು ಬರೆಸಿ ಮಹಡಿಯ ಮೇಲೆ ಇದ್ದರು. ಸುತ್ತ ಹಳೆಯ ಸಾಮಾನಿನ ರಾಶಿ, ರಾತ್ರಿ ಒಂದು ಸೀಮೆಎಣ್ಣೆಯ ದೀಪ, ಮಾತಾಡಲು ಒಂದು ನರಪಿಳ್ಳೆ ಇಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಹತ್ತು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಜಾಗ ಮೈಲಿಗೆ ಮಾಡಿದೆ ಎಂದು ಬೈದರು. ಸಂಜೆಯೊಳಗೆ ಖಾಲಿ ಮಾಡಬೇಕು ಎಂದರು. ಪರಿಚಯದವರಿಬ್ಬರ ಮನೆಗೆ ಹೋದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರಿಗೂ ಏನೇನೋ ತೊಂದರೆಗಳು. ಕೊನೆಗೆ ಊರಿನ ಉದ್ಯಾನವನದಲ್ಲಿ ಕೂತು ಹೊತ್ತು ಕಳೆದು, ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು. ಹದಿನೆಂಟು ವರ್ಷ ಕಳೆದ ಮೇಲೂ ಇದನ್ನು ನೆನೆದರೆ ಕಣ್ಣು ತುಂಬುತ್ತದೆ ಎಂದು ಅವರೇ ಬರೆದಿದ್ದಾರೆ.

ಈ ಕತೆಯಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು: ಓದೂ ಇತ್ತು, ಕೆಲಸವೂ ಇತ್ತು, ಕೊಡಲು ದುಡ್ಡೂ ಇತ್ತು. ಹಾಸಿಗೆ ಮಾತ್ರ ಸಿಗಲಿಲ್ಲ. ಎರಡು: ದೊಣ್ಣೆ ಹಿಡಿದು ಬಂದವರು ಹಿಂದೂಗಳಲ್ಲ. ಮುಂಬಯಿಯಲ್ಲಿ ಎಲ್ಲ ದೇಶದವರಿಗೂ ಬಾಗಿಲು ತೆರೆದ ತಾಜ್ ಹೋಟೆಲು ಕಟ್ಟಿಸಿದ್ದೂ ಒಬ್ಬ ಪಾರ್ಸಿ, ಬರೋಡಾದಲ್ಲಿ ದೊಣ್ಣೆ ಹಿಡಿದದ್ದೂ ಪಾರ್ಸಿಗಳು. ಹಿಂದೂವಿಗೆ ಅಸ್ಪೃಶ್ಯನಾದವನು ಪಾರ್ಸಿಗೂ ಅಸ್ಪೃಶ್ಯ ಎಂಬ ಪಾಠವನ್ನು ಬಾಬಾಸಾಹೇಬರು ಅಂದು ಕಲಿತರು. ಧರ್ಮ ಬೇರೆಯಾದರೂ ಈ ನೆಲದ ಜಾತಿಯ ಗಾಳಿ ಎಲ್ಲರ ಮೂಗಿಗೂ ಬಡಿದಿತ್ತು.

ಹಾಗಾದರೆ ಆ ಕಾಲದಲ್ಲಿ ದಲಿತ ಮಕ್ಕಳಿಗೆ ರಾತ್ರಿ ತಲೆ ಇಡಲು ಎಲ್ಲಿಯೂ ಜಾಗ ಇರಲಿಲ್ಲವೆ? ಇತ್ತು, ಬೆರಳೆಣಿಕೆಯಷ್ಟು. ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಶಾಲೆ, ವಸತಿ, ಕೈಕಸುಬು ಕಲಿಸಿದರು. ಅವರ ಜಾತಿಯವರು ಅವರನ್ನು ದೂರ ಇಟ್ಟರು. ಮೈಸೂರಿನಲ್ಲಿ ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅವರು ಪಂಚಮರ ಹುಡುಗರಿಗಾಗಿ ದುಡಿದರು. 1929ರಲ್ಲಿ ಧಾರವಾಡದಲ್ಲಿ ಬಾಬಾಸಾಹೇಬರೇ ಹಾಸ್ಟೆಲು ಆರಂಭಿಸಿದರು. ಚಾಪೆ, ಮುದ್ದೆ, ಸಾರು, ಸೀಮೆಎಣ್ಣೆ ಬುಡ್ಡಿ. ನಮ್ಮ ಜನ ಮೊತ್ತಮೊದಲು ಬಾಗಿಲಿನಿಂದ ಒಳಗೆ ಹೋಗಿ ಮಲಗಿ ಎದ್ದದ್ದು ಇಂಥ ಹಾಸ್ಟೆಲುಗಳಲ್ಲಿ. ಇವತ್ತು ನಮ್ಮ ಹಾಸ್ಟೆಲುಗಳ ತಗಡಿನ ಮಾಡು, ಹುಳು ಬಿದ್ದ ಅಕ್ಕಿಯನ್ನು ಹಿಡಿದು ನಾವು ಬೀದಿಗೆ ಇಳಿಯುತ್ತೇವೆ. ಇಳಿಯಲೇಬೇಕು. ಅದು ನಮ್ಮ ಲಲಿತಮಹಲು, ಅದನ್ನು ಕೆಡಲು ಬಿಡಬಾರದು.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕೊಡಗಿನಿಂದ ಘಟ್ಟ ಇಳಿದು ಪುತ್ತೂರಿನ ಮೇಲಿಂದ ಮಂಗಳೂರಿಗೆ ಹೋದರು. ಕೇರಿಗಳನ್ನು ಕಂಡರು, ಹಣ ಕೂಡಿಸಿದರು, ಸವರ್ಣರು ಪಾಪ ತೊಳೆದುಕೊಳ್ಳಬೇಕು ಎಂದರು. ಅದು ಹೃದಯದ ಬಾಗಿಲು ತಟ್ಟುವ ಕೆಲಸ. ಎಷ್ಟು ಹೃದಯಗಳ ಬಾಗಿಲು ತೆರೆಯಿತೋ ಊರಿನವರೇ ಹೇಳಬೇಕು. ಮದ್ರಾಸಿನಲ್ಲಿ ಎಂ.ಸಿ. ರಾಜಾ ಅವರು 1938ರಲ್ಲಿ ಕಾಯಿದೆಯ ದಾರಿ ಹಿಡಿದು ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳ ಮೇಲಿನ ತಡೆ ತೆಗೆಸಲು ಹೊರಟರು. ಬಾಬಾಸಾಹೇಬರು ಅದನ್ನು ಇನ್ನೂ ಮುಂದಕ್ಕೆ ಒಯ್ದರು.

1948ರ ನವೆಂಬರ್ 29. ಸಂವಿಧಾನ ಸಭೆಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕುವ ವಿಧಿ ಅಂಗೀಕಾರವಾದ ದಿನ. ಅದೇ ದಿನ ಭೇದಭಾವ ನಿಷೇಧದ ವಿಧಿಯೂ ಚರ್ಚೆಗೆ ಬಂತು. ಇವತ್ತಿನ ಸಂವಿಧಾನದಲ್ಲಿ ಅದು 15ನೆಯ ವಿಧಿ. ಅದರ ಎರಡನೆಯ ಕಲಮು ತೆಗೆದು ಓದಿ. ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲು, ಮನರಂಜನೆಯ ಜಾಗ. ಇಲ್ಲೆಲ್ಲ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ ಎಂದಿದೆ. 'ಅಂಗಡಿ' ಎಂದರೆ ಎಷ್ಟು ದೂರ ಎಂದು ಸಭೆಯಲ್ಲಿ ಕೇಳಿದಾಗ ಬಾಬಾಸಾಹೇಬರು ಆ ಮಾತಿಗೆ ಅಗಲವಾದ ಅರ್ಥವನ್ನೇ ಕೊಟ್ಟರು. ಕ್ಷೌರದ ಅಂಗಡಿಯೂ ಬಂತು, ಬಟ್ಟೆ ಒಗೆಯುವ ಅಂಗಡಿಯೂ ಬಂತು.

ಒಂದು ದೇಶದ ಸಂವಿಧಾನದಲ್ಲಿ 'ಹೋಟೆಲು' ಎಂಬ ಶಬ್ದ ಯಾಕೆ ಬೇಕಾಯಿತು? ನ್ಯಾಯ, ಸ್ವಾತಂತ್ರ್ಯ, ಸಮಾನತೆ ಇಂಥ ದೊಡ್ಡ ದೊಡ್ಡ ಶಬ್ದಗಳ ನಡುವೆ ಈ ಇಡ್ಲಿ ಸಾಂಬಾರಿನ ಶಬ್ದಕ್ಕೆ ಏನು ಕೆಲಸ? ಸಮಾನತೆ ಎಂದು ಬರೆದು ಬಿಟ್ಟರೆ ಈ ಸಮಾಜ ಅದನ್ನು ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡಿ, ಹೋಟೆಲಿನ ಬಾಗಿಲಲ್ಲಿ ಎಂದಿನ ಹಾಗೆ ದೊಣ್ಣೆ ಹಿಡಿದು ನಿಲ್ಲುತ್ತದೆ. ಬರೋಡಾದ ಉದ್ಯಾನವನದಲ್ಲಿ ಪೆಟ್ಟಿಗೆಯ ಜೊತೆ ಕೂತವರಿಗೆ ಅದು ಗೊತ್ತಿತ್ತು. ಆದ್ದರಿಂದಲೇ ಬಾವಿ, ಕೆರೆ, ರಸ್ತೆ, ಅಂಗಡಿ, ಹೋಟೆಲು ಎಂದು ಒಂದೊಂದು ಬಾಗಿಲಿನ ಹೆಸರನ್ನೂ ಹಿಡಿದು ಬರೆಯಬೇಕಾಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಕೆಳಕ್ಕಿಳಿದು ಹೋಟೆಲು, ಧರ್ಮಶಾಲೆ, ಮುಸಾಫಿರಖಾನೆಗಳ ಪಾತ್ರೆ ಪಗಡಿಯ ಮಾತನ್ನೂ ಆಡಿತು. ಲೋಟದ ತನಕ ಕಾನೂನು ಬರಬೇಕಾದ ದೇಶ ಇದು. 1976ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಎಂದು ಹೆಸರು ಬದಲಿಸಿದರು.

ಕಾಯಿದೆ ಬಂದರೂ ಗೆರಟೆ ತಾನಾಗಿ ಹೋಗಲಿಲ್ಲ. ಗೆರಟೆ ಹೋಗಿ ಹೊರಗಿನ ಗೂಡಿನಲ್ಲಿ ಬೇರೆ ಲೋಟ ಬಂತು. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಊರೂರಿನ ಹೋಟೆಲುಗಳಿಗೆ ನುಗ್ಗಿ ಒಳಗಿನ ಬೆಂಚಿನ ಮೇಲೆ ಕೂತು, ಒಳಗಿನ ಲೋಟದಲ್ಲೇ ಚಾ ಕೇಳಿದರು. ಎಷ್ಟೋ ಕಡೆ ಹೊಡೆತ ತಿಂದರು, ಕೂಲಿ ಕಳೆದುಕೊಂಡರು. ಬಿ. ಬಸವಲಿಂಗಪ್ಪನವರು ಅದೇ ಕಾಲದಲ್ಲಿ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. ಐಬಿಯ ಆ ಹಿಂಬಾಗಿಲನ್ನು ಮುಚ್ಚಿದ ಮೊದಲ ಕೈಗಳಲ್ಲಿ ಅವರದೂ ಒಂದು. ನಮ್ಮ ಜಿಲ್ಲೆಯ ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು ಇನ್ನೂ ಕಾಯಬೇಕಾಯಿತು, 2000ದ ತನಕ.

ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಇವತ್ತು ದುಡ್ಡಿದ್ದರೆ ಯಾವ ಜಾತಿಯವನಾದರೂ ಅಂಥ ಕಡೆ ಮಲಗಬಹುದು ಎನ್ನುತ್ತಾರೆ. ಸರಿ, ಕಾನೂನಿನ ಮಟ್ಟಿಗೆ ನಿಜ. ಇಂಥ ಹೋಟೆಲುಗಳಲ್ಲಿ ಕಕ್ಕಸು ತೊಳೆಯುವವರು, ನೆಲ ಒರೆಸುವವರು, ಗುಂಡಿಗೆ ಇಳಿಯುವವರು ಯಾವ ಕೇರಿಯಿಂದ ಬರುತ್ತಾರೆ ಎಂದು ಕೇಳಿ ನೋಡಿ. ನೌಕರಿ ಸಿಕ್ಕಿ ಪೇಟೆಗೆ ಬಂದ ನಮ್ಮ ಹುಡುಗ ಬಾಡಿಗೆ ಮನೆ ಕೇಳಲು ಹೋದಾಗ, "ನೀವು ಯಾವ ಜನ?" ಎಂಬ ಪ್ರಶ್ನೆ ಎಷ್ಟು ಬಾಗಿಲುಗಳಲ್ಲಿ ಬರುತ್ತದೆ ಎಂದು ಅವನನ್ನೇ ಕೇಳಿ. ನೂರು ವರ್ಷದ ಹಿಂದೆ ಬರೋಡಾದಲ್ಲಿ ಬಾಬಾಸಾಹೇಬರು ಬರೆಸಿದ ಸುಳ್ಳು ಹೆಸರನ್ನು ನಮ್ಮ ಮಕ್ಕಳು ಇನ್ನೂ ಬೇರೆ ಬೇರೆ ರೀತಿಯಲ್ಲಿ ಬರೆಸುತ್ತಿದ್ದಾರೆ. ಅಡ್ಡಹೆಸರು ಮುಚ್ಚಿಡುತ್ತಾರೆ, ಗೋಡೆಯ ಮೇಲಿನ ಅಂಬೇಡ್ಕರ್ ಪಟ ಇಳಿಸಿಡುತ್ತಾರೆ.

ಆದ್ದರಿಂದ ಮಾಸ್ತರುಗಳಲ್ಲಿ ಒಂದು ವಿನಂತಿ. ಮುಂದಿನ ಪ್ರವಾಸಕ್ಕೆ ದರ್ಬೆಯಲ್ಲಿ ಬಸ್ಸು ಹತ್ತಿಸುವಾಗ ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯ ಅಜ್ಜಿಯನ್ನೋ ಮುತ್ತಜ್ಜಿಯನ್ನೋ ಕೇಳಿಕೊಂಡು ಬರಲಿ: "ಅಜ್ಜಿ, ನಿಮ್ಮ ಹಿರಿಯರು ಘಟ್ಟಕ್ಕೆ ಹೋಗುವಾಗ ರಾತ್ರಿ ಎಲ್ಲಿ ಮಲಗ್ತಿದ್ರು?" ಕೇರಿಯ ಮಗುವೂ ಕೇಳಲಿ, ಧನಿಯ ಮನೆಯ ಮಗುವೂ ಕೇಳಲಿ. ಬಂದ ಉತ್ತರಗಳನ್ನು ಬಸ್ಸಿನಲ್ಲಿ ಎಲ್ಲರ ಎದುರು ಓದಿಸಿ. ಆಮೇಲೆ ಲಲಿತಮಹಲು ತೋರಿಸಿ. ಆ ಹುಡುಗ "ಒಂದು ರಾತ್ರಿಗೆ ಎಷ್ಟು ಸರ್?" ಅಂತ ಕೇಳಿದರೆ ನಗಬೇಡಿ. ಅವನಿಗೆ ಸಂವಿಧಾನದ 15ನೆಯ ವಿಧಿಯ ಎರಡನೆಯ ಕಲಮು ಓದಿ ಹೇಳಿ. ಅದು ಯಾರ ಕೈಯಿಂದ ಬಂತು, ಯಾಕೆ ಬಂತು ಎಂಬುದನ್ನೂ ಹೇಳಿ.